ರಕ್ತದ ಒತ್ತಡದ ಎರಡು ಅಳತೆಗಳು

ರಕ್ತದ ಒತ್ತಡವೆಂಬುದು ಈಗ ಮನೆಮಾತಾಗಿದೆ. ಕಾಪುವಿನಿಂದ ತೆಂಕಣಕ್ಕೆ ಪಡುಬಿದ್ರೆಯ ಕಡೆ ಹೋಗುವ ಹೆದ್ದಾರಿಯಲ್ಲಿ, ಮಹಾಲಕ್ಷ್ಮಿಯ ದೇವಸ್ಥಾನವಿರುವ ಉಚ್ಚಿಲವು ನಮ್ಮ ತಾಯಿಯ ಊರು. ಮಂಗಳೂರಿನಾಚೆ ಸೋಮೇಶ್ವರದ ಬಳಿಯ ಉಚ್ಚಿಲ ಬೇರೆ. ಘಟ್ಟದ ಮೇಲಿನ ಮಿತ್ರರು ಇವೆರಡನ್ನೂ ಬೆರಸುವುದುಂಟು. ನಮ್ಮ ಉಚ್ಚಿಲದಲ್ಲಿ ಕಡಲ ಕಡೆಯ ಎಷ್ಟೋ ಮನೆಗಳಲ್ಲಿ, ಮುಂಬಯಿಯಲ್ಲಿರುವ ಮಗನೋ ಅಳಿಯನೋ ರಜೆಗೆ ಬರುವಾಗ ತಂದುಕೊಟ್ಟ ಪುಟ್ಟ ಯಂತ್ರವೊಂದು ಕಪಾಟಿನ ಮೇಲೆ ಕುಳಿತಿರುತ್ತದೆ. ಸಂಜೆ ಹಿರಿಯರು ತೋಳನ್ನು ಚಾಚುತ್ತಾರೆ, ಯಂತ್ರ ಗುಂಯ್‌ಗುಟ್ಟುತ್ತದೆ, ಎರಡು ಅಂಕೆಗಳು ಮೂಡುತ್ತವೆ, ಯಾರೋ ಅವನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುತ್ತಾರೆ. ಆ ಅಂಕೆಗಳು ಎಷ್ಟರಮಟ್ಟಿಗೆ ನಿಜವೆಂದು ಕೇಳುವವರಿಲ್ಲ. ನಾವೂ ಕೇಳಿದವರಲ್ಲ. ಒಂದೇ ದೇಹದ ಒತ್ತಡವನ್ನು ಎರಡು ಉಪಕರಣಗಳು ಒಂದೇ ಪರದೆಯ ಮೇಲೆ ಎರಡು ಬಗೆಯಾಗಿ ಹೇಳಿದ ಒಂದು ರಾತ್ರಿ ನಮ್ಮ ಪಾಲಿಗೆ ಬಂದಿರದಿದ್ದರೆ, ಇಂದಿನ ಮಾತಿಗೆ ಕಾರಣವೇ ಇರುತ್ತಿರಲಿಲ್ಲ.

ನಾವು ವೈದ್ಯರಲ್ಲ, ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಹೇಳಿಕೊಡತಕ್ಕವರು. ನಮ್ಮ ಸೋದರಮಾವನವರು ಎಪ್ಪತ್ತು ದಾಟಿದವರು. ಬಹುಕಾಲ ದೋಣಿಯಲ್ಲಿ ದುಡಿದವರು. ಒಮ್ಮೆ ಕಾಲಿಗೆ ಮೀನಿನ ಮುಳ್ಳು ಚುಚ್ಚಿತು. ಅದನ್ನು ಅವರು ಲೆಕ್ಕಕ್ಕೆ ತಂದುಕೊಳ್ಳಲಿಲ್ಲ. ನಾಲ್ಕನೆಯ ದಿನ ನಂಜು ರಕ್ತಕ್ಕೇರಿ ಚಳಿಜ್ವರ ಬಂದು ಮಾತು ತೊದಲತೊಡಗಿದಾಗ, ನಮ್ಮ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ತೀವ್ರ ನಿಗಾದ ಕೋಣೆಯಲ್ಲಿ ಅವರ ಎಡದ ತೋಳಿಗೆ ಎಲ್ಲರಿಗೂ ಪರಿಚಿತವಾದ ಪಟ್ಟಿಯನ್ನು ಸುತ್ತಿದ್ದರು. ಇಂಗ್ಲಿಷಿನಲ್ಲಿ ಇದನ್ನು ಕಫ್ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಎದೆಯ ಕಫದಂತೆ ಕೇಳುವುದರಿಂದ ನಾವು ತೋಳುಪಟ್ಟಿ ಎನ್ನೋಣ. ಬಲದ ಮಣಿಕಟ್ಟಿನಲ್ಲಿ, ನಾಡಿ ನೋಡುವ ಎಡೆಯಲ್ಲೇ, ಧಮನಿಯೊಳಕ್ಕೆ ಸಣ್ಣದೊಂದು ನಳಿಗೆಯನ್ನು ತೂರಿಸಿ, ಅದರಿಂದಲೂ ಒತ್ತಡವನ್ನು ಅಳೆಯುತ್ತಿದ್ದರು. ರಾತ್ರಿ ಹತ್ತರ ಸುಮಾರಿಗೆ ಪರದೆಯ ಮೇಲೆ ತೋಳುಪಟ್ಟಿಯ ಲೆಕ್ಕ 104ಕ್ಕೆ 60 ಎಂದಿತ್ತು. ನಳಿಗೆಯದು 86ಕ್ಕೆ 46.

ಈ ಅಂತರವನ್ನು ಅಲ್ಪವೆಂದು ತಳ್ಳಿಹಾಕುವಂತಿರಲಿಲ್ಲ. ಏಕೆಂದರೆ ನಂಜಿನಿಂದ ಕುಸಿದ ರೋಗಿಯಲ್ಲಿ ವೈದ್ಯರು ಮುಖ್ಯವಾಗಿ ನೋಡುವುದು ಮೇಲಿನ ಅಂಕೆಯನ್ನೂ ಅಲ್ಲ, ಕೆಳಗಿನದನ್ನೂ ಅಲ್ಲ. ಒಂದು ಬಡಿತದ ಉದ್ದಕ್ಕೂ ಇರುವ ಸರಾಸರಿ ಒತ್ತಡವನ್ನು. ಹೃದಯವು ಕುಗ್ಗಿ ರಕ್ತವನ್ನು ದೂಡುವ ಕಾಲಕ್ಕಿಂತ ಸಡಿಲಗೊಂಡಿರುವ ಕಾಲವೇ ಹೆಚ್ಚು. ಆದುದರಿಂದ ಸರಾಸರಿಯು ನಟ್ಟನಡುವೆ ಬೀಳದೆ ಕೆಳಗಿನ ಅಂಕೆಯ ಕಡೆಗೆ ವಾಲಿರುತ್ತದೆ. ಕೆಳಗಿನ ಅಂಕೆಗೆ ಎರಡರ ಅಂತರದ ಮೂರನೆಯ ಒಂದು ಭಾಗವನ್ನು ಕೂಡಿಸಿದರೆ ಅದು ಸುಮಾರಾಗಿ ಸಿಕ್ಕುತ್ತದೆ. ಇಂಥ ರೋಗಿಗಳಲ್ಲಿ ಈ ಸರಾಸರಿಯನ್ನು ಪಾದರಸದ 65 ಮಿಲಿಮೀಟರಿಗೆ ಕಡಿಮೆಯಾಗದಂತೆ ಕಾಪಾಡಬೇಕೆಂಬುದು ಈಗ ಲೋಕದಲ್ಲೆಲ್ಲ ಹಿಡಿದಿರುವ ಮೊದಲ ಗುರಿ. ಅದಕ್ಕಿಂತ ಇಳಿದರೆ ಮೂತ್ರಪಿಂಡ ಮೊದಲಾದ ಅಂಗಗಳಿಗೆ ರಕ್ತ ಸಾಲದೆ ಹೋಗುವ ಭಯವುಂಟು. ಲೆಕ್ಕ ಹಾಕಿ ನೋಡಿದೆವು. ತೋಳುಪಟ್ಟಿಯ ಪ್ರಕಾರ ಸರಾಸರಿ 75. ನಳಿಗೆಯ ಪ್ರಕಾರ 59. ಒಂದನ್ನು ನಂಬಿದರೆ ಮಾವನವರು ಸದ್ಯಕ್ಕೆ ಕ್ಷೇಮ. ಇನ್ನೊಂದನ್ನು ನಂಬಿದರೆ ರಕ್ತನಾಳಗಳನ್ನು ಬಿಗಿಸುವ ನಾರ್‌ಅಡ್ರಿನಾಲಿನ್ ಔಷಧವನ್ನು ತಕ್ಷಣ ಏರಿಸಬೇಕು. ಆ ಔಷಧವೋ ಬೇಡದವನಿಗೆ ಕೊಟ್ಟರೆ ಹೃದಯಕ್ಕೆ ಭಾರ, ಬೆರಳ ತುದಿಗಳಿಗೆ ರಕ್ತದ ಅಭಾವ. ಯಾವುದು ನಿಜ?

ಓದು ಬಲ್ಲ ಎಲ್ಲರೂ ಕೊಡುವ ಉತ್ತರ ನಮಗೂ ತೋರಿತು. ಹೊರಗಿನಿಂದ ಹಿಸುಕಿ ಊಹಿಸುವ ಪಟ್ಟಿಗಿಂತ ಧಮನಿಯೊಳಗೇ ಇಳಿದು ನೋಡುವ ನಳಿಗೆಯೇ ಸತ್ಯವನ್ನು ಬಲ್ಲುದು, ಇದರಲ್ಲಿ ವಾದವೇನು? ಈ ನಂಬಿಕೆ ಎಷ್ಟು ಸರಿ ಎಂಬುದೇ ಈ ದಿನದ ವಿಚಾರ.

ಒಳಗಿನಿಂದ ಅಳೆಯುವುದೇ ಹಳೆಯ ವಿಧಾನ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ ಹೆಣ್ಣುಕುದುರೆಯೊಂದನ್ನು ಕೆಡವಿ ಕಟ್ಟಿ, ಅದರ ತೊಡೆಯ ಧಮನಿಗೆ ಲೋಹದ ಕೊಳವೆಯನ್ನೂ ಅದಕ್ಕೆ ಎತ್ತರವಾದ ಗಾಜಿನ ನಳಿಗೆಯನ್ನೂ ಜೋಡಿಸಿದನು. ರಕ್ತವು ನಳಿಗೆಯಲ್ಲಿ 8 ಅಡಿ 3 ಅಂಗುಲ ಏರಿ ನಿಂತು, ಬಡಿತಬಡಿತಕ್ಕೂ ಮೇಲೆ ಕೆಳಗೆ ತುಯ್ಯುತ್ತಿತ್ತು. 1733ರಲ್ಲಿ ಇದನ್ನು ಪ್ರಕಟಿಸುವಾಗ ಆತ ಆ ಎತ್ತರವನ್ನು ನೆಲದಿಂದಲ್ಲ, ಧಮನಿಯ ಬಾಯಿಂದಲೂ ಅಲ್ಲ, ಹೃದಯದ ಎಡಗೋಣೆಯ ಮಟ್ಟದಿಂದ ಎಣಿಸಿ ಹೇಳಿದನು. ಕೇಳುವವರು ಈ ಒಂದು ಅಂಶವನ್ನು ನೆನಪಿನಲ್ಲಿಡಬೇಕು. ನಮ್ಮ ಕಥೆಯಲ್ಲಿ ಅದಕ್ಕೆ ಮತ್ತೆ ಕೆಲಸವಿದೆ. ಎಂಟಡಿಯ ಗಾಜು ಎಲ್ಲರಿಗೂ ಒಗ್ಗುವುದಲ್ಲ. ಫ್ರಾನ್ಸಿನ ಪ್ವಾಸಯ್ 1828ರಲ್ಲಿ ಪಾದರಸವನ್ನು ಬಳಸಿದನು. ಪಾದರಸವು ನೀರಿಗಿಂತ ಹದಿಮೂರೂವರೆ ಪಟ್ಟು ಭಾರವಾದುದರಿಂದ ಅಡಿಗಳು ಅಂಗುಲಗಳಿಗೆ ಇಳಿದುವು. ಇಂದಿಗೂ ನಾವು ಒತ್ತಡವನ್ನು ಪಾದರಸದ ಮಿಲಿಮೀಟರುಗಳಲ್ಲಿ ಹೇಳುವುದು ಆ ಕಾಲದ ಉಳಿಕೆ. ಪಾದರಸದ ವಿಷದ ಭಯದಿಂದ ಆ ಗಾಜಿನ ಕಂಬಗಳು ಆಸ್ಪತ್ರೆಗಳಿಂದ ಮರೆಯಾಗುತ್ತಿದ್ದರೂ ಮಾತಿನಲ್ಲಿ ಅದರ ಹೆಸರು ನಿಂತಿದೆ.

ಆದರೆ ಔಷಧಕ್ಕೆಂದು ಬಂದ ಪ್ರತಿಯೊಬ್ಬನ ಧಮನಿಯನ್ನೂ ಕೊಯ್ಯುವುದುಂಟೆ? ಇಟಲಿಯ ರೀವ-ರೋಚಿ 1896ರಲ್ಲಿ ತೋಳಿಗೆ ಗಾಳಿಚೀಲದ ಪಟ್ಟಿಯನ್ನು ಸುತ್ತಿ, ನಾಡಿ ನಿಲ್ಲುವವರೆಗೂ ಗಾಳಿ ತುಂಬಿ, ಎಷ್ಟು ಒತ್ತಡಕ್ಕೆ ನಾಡಿ ಮರೆಯಾಯಿತೆಂದು ಬೆರಳಿನಿಂದ ನೋಡಿದನು. 1905ರಲ್ಲಿ ರಷ್ಯದ ಕೊರೊಟ್ಕಾಫ್ ಎಂಬ ಶಸ್ತ್ರವೈದ್ಯನು ಪಟ್ಟಿಯ ಕೆಳಗೆ, ಮೊಣಕೈಯ ಮಡಿಕೆಯಲ್ಲಿ, ಸ್ಟೆತಾಸ್ಕೋಪನ್ನಿಟ್ಟು ಕಿವಿಗೊಟ್ಟನು. ಬಿಗಿಯನ್ನು ಸಡಿಲಿಸುತ್ತ ಬಂದಂತೆ ಮೊದಲ ಟಕ್ ಶಬ್ದ ಕೇಳುವ ಒತ್ತಡವೇ ಮೇಲಿನ ಅಂಕೆ. ಶಬ್ದ ಅಡಗುವ ಒತ್ತಡ ಕೆಳಗಿನದು. ಶತಮಾನ ಕಳೆದರೂ ಇದಕ್ಕಿಂತ ಸರಳವಾದ ಉಪಾಯ ಹುಟ್ಟಲಿಲ್ಲ. ನಮ್ಮ ಕರಾವಳಿಯಲ್ಲಿ 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್‌ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದಾಗಲೂ ವೈದ್ಯನ ಕಿವಿ ಮತ್ತು ಪಾದರಸದ ಕಂಬ ಇವೆರಡೇ ಒತ್ತಡದ ಅಳತೆಗೋಲಾಗಿದ್ದುವು.

ಈಗಿನ ಮನೆಯ ಯಂತ್ರಕ್ಕೆ ಕಿವಿಯಿಲ್ಲ. ಅದು ಶಬ್ದವನ್ನು ಕೇಳುವುದಿಲ್ಲ. ಪಟ್ಟಿಯೊಳಗಿನ ಗಾಳಿಯ ಸೂಕ್ಷ್ಮವಾದ ನಡುಕವನ್ನು ನೋಡುತ್ತದೆ. ಬಿಗಿ ಇಳಿಯುತ್ತ ಬಂದಂತೆ ನಡುಕ ಬೆಳೆಯುತ್ತದೆ, ಒಂದು ಕಡೆ ಪರಮಾವಧಿಗೆ ಮುಟ್ಟುತ್ತದೆ, ಬಳಿಕ ಕುಗ್ಗುತ್ತದೆ. ನಡುಕವು ಅತಿಶಯವಾಗಿರುವ ಬಿಗಿಯೇ ಹೆಚ್ಚುಕಡಮೆ ಧಮನಿಯ ಸರಾಸರಿ ಒತ್ತಡ. ಹಾಗಾದರೆ ಮೇಲಿನ ಮತ್ತು ಕೆಳಗಿನ ಅಂಕೆಗಳು ಎಲ್ಲಿಂದ ಬಂದುವು? ಅವನ್ನು ಯಂತ್ರವು ಅಳೆಯುವುದಿಲ್ಲ. ನಡುಕ ಬೆಳೆದು ಕುಗ್ಗಿದ ರೀತಿಯಿಂದ ಒಂದು ಸೂತ್ರವನ್ನು ಹಿಡಿದು ಎಣಿಸಿ ಹೇಳುತ್ತದೆ. ಆ ಸೂತ್ರವು ತಯಾರಕನ ಗುಟ್ಟು, ಒಬ್ಬನದು ಇನ್ನೊಬ್ಬನದರಂತಿಲ್ಲ. ನಾವು ದೊಡ್ಡ ಅಕ್ಷರದಲ್ಲಿ ಓದುವ ಎರಡಂಕೆಗಳು ಊಹೆ, ಓದದೆ ಬಿಡುವ ಸರಾಸರಿಯೇ ನೇರವಾದ ಅಳತೆ ಎಂಬುದು ಸ್ವಲ್ಪ ತಮಾಷೆಯಾಗಿಯೇ ಇದೆ.

ಈ ಯಂತ್ರಗಳನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ನಿಯಮವೊಂದಿದೆ. ಸಾಮಾನ್ಯವಾಗಿ 85 ಮಂದಿಯ ಮೇಲೆ ನೋಡಿ, ತಪ್ಪಿನ ಸರಾಸರಿ 5 ಮಿಲಿಮೀಟರಿನೊಳಗೂ, ತಪ್ಪುಗಳ ಚೆದರಿಕೆಯ ಪ್ರಮಾಣ 8ರೊಳಗೂ ಇದ್ದರೆ ಯಂತ್ರ ಉತ್ತೀರ್ಣ. ಕೇಳುವುದಕ್ಕೆ ಬಿಗಿಯಾದ ನಿಯಮವೆ. ಆದರೆ ಲೆಕ್ಕ ಬಲ್ಲವರು ಸ್ವಲ್ಪ ಯೋಚಿಸಲಿ: ಚೆದರಿಕೆ 8 ಎಂದರೆ ಸುಮಾರು ಮೂರರಲ್ಲಿ ಒಂದು ಓದು 8ಕ್ಕಿಂತಲೂ ಹೆಚ್ಚು ತಪ್ಪಿರಬಹುದು. ಉತ್ತೀರ್ಣವಾದ ಯಂತ್ರವು ಗುಂಪಿಗೆ ಸರಿಯಾಗಿದ್ದು ನಿಮ್ಮ ತೋಳಿಗೆ ತಪ್ಪಾಗಿರಬಹುದು. ಇದಲ್ಲದೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಅದೇ ತೋಳಿನ ಧಮನಿಯೊಳಗಿನ ಅಳತೆಗೆ ಹೋಲಿಸಿದರೆ, ತೋಳುಪಟ್ಟಿಯು ಮೇಲಿನ ಅಂಕೆಯನ್ನು ಸರಾಸರಿ 5ರಿಂದ 6 ಮಿಲಿಮೀಟರಿನಷ್ಟು ಕಡಿಮೆಯಾಗಿಯೂ ಕೆಳಗಿನದನ್ನು ಅಷ್ಟೇ ಹೆಚ್ಚಾಗಿಯೂ ತೋರಿಸುತ್ತದೆ. ಪಟ್ಟಿಯ ಅಳತೆಯೂ ಮುಖ್ಯ. ಒಳಗಿನ ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ನೂರಕ್ಕೆ ನಲವತ್ತರಷ್ಟಾದರೂ ಇರಬೇಕು. ಬಲೆಯೆಳೆದು ಬಲಿತ ದಪ್ಪ ತೋಳಿಗೆ ಪೇಟೆಯ ಸಣ್ಣ ಪಟ್ಟಿಯನ್ನು ಸುತ್ತಿದರೆ ಇಲ್ಲದ ಒತ್ತಡ ಕಾಣಿಸಿಕೊಳ್ಳುತ್ತದೆ; ಸೊರಗಿದ ತೋಳಿಗೆ ದೊಡ್ಡ ಪಟ್ಟಿಯಾದರೆ ಇರುವ ಒತ್ತಡವೂ ಮರೆಯಾಗುತ್ತದೆ.

ಇಷ್ಟನ್ನು ಕೇಳಿದ ಮೇಲೆ ತೋಳುಪಟ್ಟಿಯನ್ನು ಎತ್ತಿ ಎಸೆಯೋಣವೆನಿಸಬಹುದು. ಹಾಗೆ ಮಾಡತಕ್ಕದ್ದಲ್ಲ. 140ಕ್ಕೆ 90ನ್ನು ಮೀರಿದರೆ ಔಷಧದ ವಿಚಾರಮಾಡಬೇಕೆಂದು ವೈದ್ಯರು ಹೇಳುವರಷ್ಟೆ. ಇಂಥ ಗೆರೆಗಳೆಲ್ಲ ಹುಟ್ಟಿದುದು ಲಕ್ಷಾಂತರ ಜನರ ತೋಳಿಗೆ ಪಟ್ಟಿ ಸುತ್ತಿ, ವರ್ಷಗಟ್ಟಲೆ ಕಾದು, ಯಾರಿಗೆ ಪಾರ್ಶ್ವವಾಯು ಬಡಿಯಿತು, ಯಾರ ಹೃದಯ ಕೆಟ್ಟಿತು ಎಂದು ನೋಡಿದುದರಿಂದ. ಧಮನಿಗೆ ನಳಿಗೆ ತೂರಿಸಿ ಅಲ್ಲ. ಹಾಗಿರುವಾಗ ಮನೆಯಲ್ಲಿ ಆರೋಗ್ಯವಾಗಿ ಓಡಾಡುವವನ ವಿಷಯದಲ್ಲಿ ನಳಿಗೆಯ ಅಂಕೆ ಹೆಚ್ಚು ನಿಜವಾಗಿದ್ದರೂ ಅದರಿಂದ ಪ್ರಯೋಜನ ಕಡಿಮೆ. ಅದನ್ನು ಹೋಲಿಸಿ ನೋಡಲು ನಮ್ಮಲ್ಲಿ ಪಟ್ಟಿಯ ಗೆರೆಗಳೇ ಹೊರತು ಬೇರೆ ಇಲ್ಲ.

ಇನ್ನು ನಳಿಗೆಯ ವಿಚಾರ. ಅದು ಧಮನಿಯ ಒಳಗಿದೆಯೆಂಬುದೇನೋ ನಿಜ. ಆದರೆ ಅಳೆಯುವ ಅಂಗ ಅಲ್ಲಿಲ್ಲ. ಮಣಿಕಟ್ಟಿನಿಂದ ಉಪ್ಪುನೀರು ತುಂಬಿದ ಉದ್ದವಾದ ಬಿರುಸು ಕೊಳವೆಯೊಂದು ಹೊರಟು, ಹಾಸಿಗೆಯ ಪಕ್ಕದ ಕಂಬಕ್ಕೆ ಬಿಗಿದ ಸಣ್ಣ ಪೆಟ್ಟಿಗೆಯನ್ನು ಸೇರುತ್ತದೆ. ಟ್ರಾನ್ಸ್‌ಡ್ಯೂಸರು ಎಂದು ಹೆಸರಾದ ಆ ಪೆಟ್ಟಿಗೆಯಲ್ಲಿ ನೀರಿನ ಒತ್ತಡ ವಿದ್ಯುತ್ತಾಗಿ ಮಾರ್ಪಟ್ಟು ಪರದೆಯ ಮೇಲೆ ಅಲೆಯಾಗಿ ಹರಿಯುತ್ತದೆ. ನೀರಿನ ಕಂಬವೆಂದ ಮೇಲೆ ಅದಕ್ಕೆ ನೀರಿನ ಕಂಬದ ಗುಣದೋಷಗಳೆಲ್ಲ ಇದ್ದೇ ಇರುತ್ತವೆ. ಕೊಳವೆಯಲ್ಲಿ ಗಾಳಿಯ ಗುಳ್ಳೆಯೋ ರಕ್ತದ ಕರಣೆಯೋ ಕೂತರೆ ಅಲೆಯ ತುದಿ ಮೊಂಡಾಗಿ, ಮೇಲಿನ ಅಂಕೆ ಇಳಿದು ಕೆಳಗಿನದು ಏರುತ್ತದೆ. ಇದಕ್ಕೆ ವಿರುದ್ಧವಾಗಿ ಕೊಳವೆ ತಾನೇ ತಂತಿಯಂತೆ ಕಂಪಿಸತೊಡಗಿದರೆ ಅಲೆಯ ತುದಿ ಚೂಪಾಗಿ, ಇಲ್ಲದ ಎತ್ತರ ಕಾಣುತ್ತದೆ. ಎರಡು ದೋಷಗಳಲ್ಲಿಯೂ ಸರಾಸರಿ ಮಾತ್ರ ಹೆಚ್ಚು ಕದಲುವುದಿಲ್ಲ.

ಇದೂ ಅಲ್ಲದೆ ಧಮನಿಯಿಂದ ಧಮನಿಗೆ ಒತ್ತಡ ಬೇರೆ. ಉಚ್ಚಿಲದ ಮರಳಿನಲ್ಲಿ ನಿಂತು ನೋಡಿದರೆ ದೂರದಲ್ಲಿ ತಗ್ಗಾಗಿ ಬರುವ ಅಲೆಯೇ ದಡಕ್ಕೆ ಹತ್ತಿರವಾದಂತೆ ಹೆಡೆಯೆತ್ತುತ್ತದೆ. ಅಷ್ಟರಿಂದ ಕಡಲಿನ ಮಟ್ಟ ಏರಿತೆಂದು ಯಾವ ಮೀನುಗಾರನೂ ಹೇಳುವುದಿಲ್ಲ. ಹೃದಯದಿಂದ ಹೊರಟ ಅಲೆಯೂ ಕಿರಿದಾದ, ಬಿರುಸಾದ ನಾಳಗಳಿಗೆ ಬಂದಂತೆ ತುದಿಯಲ್ಲಿ ಎತ್ತರವಾಗುತ್ತದೆ. ಹೋಲಿಕೆ ಪೂರ್ತಿಯಾದುದಲ್ಲ, ಕಾರಣಗಳು ಬೇರೆಬೇರೆ. ಕಾಣುವ ಫಲ ಒಂದೇ. ಆದುದರಿಂದ ಮಣಿಕಟ್ಟಿನ ಮೇಲಿನ ಅಂಕೆ ಮಹಾಧಮನಿಯದಕ್ಕಿಂತ ಹೆಚ್ಚಿರುವುದು ಸಹಜ, ಎಳೆಯರಲ್ಲಂತೂ ಬಹಳ ಹೆಚ್ಚು. ಮಣಿಕಟ್ಟಿನ ನಳಿಗೆಯೂ ತೋಳಿನ ಪಟ್ಟಿಯೂ ಒಪ್ಪದೆ ಹೋದಾಗ ಒಂದು ಸುಳ್ಳೇ ಆಗಬೇಕೆಂದಿಲ್ಲ. ಎರಡೂ ತಮ್ಮತಮ್ಮ ಊರಿನ ಸುದ್ದಿಯನ್ನು ಹೇಳುತ್ತಿರಬಹುದು.

ಈಗ ಮಾವನವರ ಹಾಸಿಗೆಯ ಬಳಿಗೆ ಹೋಗೋಣ. ನಾವು ಕೈಕೈ ಹಿಸುಕಿಕೊಳ್ಳುತ್ತ ನಿಂತಿದ್ದೆವು. ಕಿರಿಯ ವೈದ್ಯರು ಔಷಧವನ್ನು ಏರಿಸಲು ಹೊರಟಿದ್ದರು. ಆಗ ಪಾಳಿಗೆ ಬಂದ ಸಿಸ್ಟರೊಬ್ಬರು ಪರದೆಯ ಕಡೆ ನೋಡಲೇ ಇಲ್ಲ. ಕಂಬದ ಕಡೆ ನೋಡಿದರು. "ಡಾಕ್ಟರೇ, ಎಕ್ಸ್‌ರೇಗೆ ಹಾಸಿಗೆ ತಗ್ಗಿಸಿದ್ದರಲ್ಲ?" ಎಂದರು. ಹೌದು, ಅರ್ಧ ಗಂಟೆಯ ಹಿಂದೆ ಎದೆಯ ಚಿತ್ರ ತೆಗೆಯುವುದಕ್ಕಾಗಿ ಹಾಸಿಗೆಯನ್ನು ಇಳಿಸಿದ್ದರು, ಮತ್ತೆ ಏರಿಸಿರಲಿಲ್ಲ. ರೋಗಿ ಹಾಸಿಗೆಯೊಡನೆ ಇಳಿದಿದ್ದನು, ಪೆಟ್ಟಿಗೆ ಕಂಬದ ಮೇಲೆ ಇದ್ದಲ್ಲೇ ಇತ್ತು. ಹೃದಯದ ಮಟ್ಟಕ್ಕಿಂತ ಅದು ಗೇಣಿಗೆ ಸ್ವಲ್ಪ ಕಡಿಮೆ, ಸುಮಾರು 20 ಸೆಂಟಿಮೀಟರು, ಮೇಲಿತ್ತು. 1.36 ಸೆಂಟಿಮೀಟರು ನೀರು ಪಾದರಸದ 1 ಮಿಲಿಮೀಟರಿಗೆ ಸಮ; 20ನ್ನು 1.36ರಿಂದ ಭಾಗಿಸಿದರೆ 15ಕ್ಕೆ ತುಸು ಕಡಿಮೆ. ತರಗತಿಯಲ್ಲಿ ಪ್ರತಿ ವರ್ಷವೂ ಹುಡುಗರಿಂದ ಮಾಡಿಸುವ ಲೆಕ್ಕ! ಅದು ನಮ್ಮ ಕಣ್ಣೆದುರಿಗೇ ತೂಗಾಡುತ್ತಿದ್ದರೂ ನಮಗೆ ಹೊಳೆಯಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಸಿಸ್ಟರು ಪೆಟ್ಟಿಗೆಯನ್ನು ಸಡಿಲಿಸಿ ಮಾವನವರ ಕಂಕುಳ ನಡುಗೆರೆಯ ನೇರಕ್ಕೆ, ಎಂದರೆ ಹೃದಯದ ಮಟ್ಟಕ್ಕೆ, ತಂದು ಬಿಗಿದರು. ಅದರ ಬಾಯನ್ನು ಗಾಳಿಗೆ ತೆರೆದು ಸೊನ್ನೆಯನ್ನು ಸರಿಮಾಡಿದರು. ಪರದೆಯ ಮೇಲೆ 101ಕ್ಕೆ 61 ಬಂದಿತು. ತೋಳುಪಟ್ಟಿ ಹೇಳುತ್ತಿದ್ದುದು ಇದನ್ನೇ. ಔಷಧವನ್ನು ಏರಿಸಲಿಲ್ಲ. ಕುದುರೆಯ ರಕ್ತವನ್ನು ಅಳೆದ ಪಾದ್ರಿ ಮೊದಲ ದಿನವೇ ಹೃದಯದ ಮಟ್ಟದಿಂದ ಎಣಿಸಿದ್ದನಲ್ಲ, ಆ ಎಚ್ಚರ ಇಲ್ಲಿ ಅರ್ಧ ಗಂಟೆ ತಪ್ಪಿತ್ತು.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಆಸ್ಪತ್ರೆಯಿಂದ ತೋಳುಪಟ್ಟಿಯ ಭಕ್ತರಾಗಿ ಹಿಂದಿರುಗುತ್ತಿದ್ದೆವು. ಬೆಳಗಿನ ಜಾವ ನಾಲ್ಕಕ್ಕೆ ಪರದೆ ಮತ್ತೆ ಎರಡು ಮಾತು ಹೇಳಿತು. ತೋಳುಪಟ್ಟಿ 98ಕ್ಕೆ 60. ನಳಿಗೆ 74ಕ್ಕೆ 42. ಸರಾಸರಿ ಒಂದರಲ್ಲಿ 73, ಇನ್ನೊಂದರಲ್ಲಿ 53. ಈ ಸಲ ನಾವು ಬುದ್ಧಿವಂತರಂತೆ ಕಂಬವನ್ನು ನೋಡಿದೆವು. ಪೆಟ್ಟಿಗೆ ಹೃದಯದ ನೇರಕ್ಕೇ ಇತ್ತು. ವೈದ್ಯರು ಕೊಳವೆಯ ಪರೀಕ್ಷೆಯನ್ನು ಮಾಡಿದರು. ಉಪ್ಪುನೀರಿನ ಚೀಲವನ್ನು 300 ಮಿಲಿಮೀಟರಿನ ಬಿಗಿಯಲ್ಲಿಟ್ಟಿರುತ್ತಾರೆ. ಅದರ ಬಾಲವನ್ನು ಒಂದು ಕ್ಷಣ ಎಳೆದು ಬಿಟ್ಟರೆ ಪರದೆಯ ಗೆರೆ ಗೋಡೆಯಂತೆ ಏರಿ, ಚಪ್ಪಟೆಯಾಗಿ ನಿಂತು, ನೆಟ್ಟಗೆ ಬೀಳುತ್ತದೆ. ಬಿದ್ದ ಮೇಲೆ ಒಂದೆರಡು ಸಲ ಪುಟಿದು ಶಾಂತವಾದರೆ ಕೊಳವೆ ಆರೋಗ್ಯವಾಗಿದೆ. ಪುಟಿಯದೆ ಮೆಲ್ಲಗೆ ಜಾರಿದರೆ ಗುಳ್ಳೆಯೋ ಕರಣೆಯೋ ಇದೆ. ಪುಟಿಯುತ್ತಲೇ ಇದ್ದರೆ ಕೊಳವೆ ಕಂಪಿಸುತ್ತಿದೆ. ಇಲ್ಲಿ ಎರಡು ಸಲ ಪುಟಿದು ನಿಂತಿತು. ತೋಳುಪಟ್ಟಿಯನ್ನು ಮತ್ತೆ ಊದಿಸಿದರು. ಅದು ಒಮ್ಮೆ ಬಿಗಿದು, ಸೋತು, ಮತ್ತೆ ಬಿಗಿದು, ಬಹಳ ಹೊತ್ತಿನ ಮೇಲೆ ಮೊದಲಿನ ಅಂಕೆಯ ಹತ್ತಿರಕ್ಕೇ ಬಂದಿತು.

ವೈದ್ಯರು ಈ ಸಲ ನಳಿಗೆಯನ್ನೇ ನಂಬಿದರು. ಕಾರಣವನ್ನು ಬಿಡುವಾದ ಮೇಲೆ ವಿವರಿಸಿದರು. ಒತ್ತಡ ತೀರ ಇಳಿದು ನಾಡಿ ಕ್ಷೀಣವಾದಾಗ ಪಟ್ಟಿಯ ಗಾಳಿಗೆ ಮುಟ್ಟುವ ನಡುಕವೇ ಅಲ್ಪ; ಅದರಲ್ಲಿ ರೋಗಿಯ ಚಳಿಯ ನಡುಕವೂ ಸೇರಿದರೆ ಯಂತ್ರಕ್ಕೆ ಯಾವುದು ಯಾವುದೆಂದು ತಿಳಿಯದು. ಅದರ ಗುಟ್ಟಿನ ಸೂತ್ರವನ್ನು ರಚಿಸಿದುದಾದರೂ ಆರೋಗ್ಯವಂತರ ಮೇಲೆ ನೋಡಿ. ಆದ ಕಾರಣ ಕುಸಿದ ರೋಗಿಯಲ್ಲಿ ಅದು ಇರುವುದಕ್ಕಿಂತ ಹೆಚ್ಚು ಹೇಳುವುದು ವಾಡಿಕೆ; ಧೈರ್ಯ ಹೇಳಬಾರದ ಹೊತ್ತಿನಲ್ಲಿ ಧೈರ್ಯ ಹೇಳುತ್ತದೆ. ಮೇಲಾಗಿ ಪಟ್ಟಿಯ ಅಂಕೆ ಐದು ನಿಮಿಷಕ್ಕೋ ಹತ್ತು ನಿಮಿಷಕ್ಕೋ ಒಂದು. ನಡುವೆ ಏನಾದರೂ ಅದು ಹಳೆಯ ಅಂಕೆಯನ್ನೇ ತೋರಿಸುತ್ತಿರುತ್ತದೆ. ನಳಿಗೆ ಬಡಿತಬಡಿತಕ್ಕೂ ವರದಿ ಕೊಡುತ್ತದೆ. ಇಷ್ಟಾದರೂ ಅವರು ಯಂತ್ರದ ಮಾತಿನಿಂದ ಮಾತ್ರ ತೀರ್ಮಾನಿಸಲಿಲ್ಲ. ಮಾವನವರ ಪಾದಗಳನ್ನು ಮುಟ್ಟಿ ನೋಡಿದರು, ತಣ್ಣಗಿದ್ದುವು. ಮೂತ್ರದ ಚೀಲವನ್ನು ನೋಡಿದರು, ಗಂಟೆಯಿಂದ ಹೆಚ್ಚೇನೂ ಸೇರಿರಲಿಲ್ಲ. ಎರಡು ಯಂತ್ರಗಳ ಜಗಳದಲ್ಲಿ ದೇಹವೇ ಸಾಕ್ಷಿ ನುಡಿಯಿತು. ನಾರ್‌ಅಡ್ರಿನಾಲಿನನ್ನು ಏರಿಸಿದರು. ಬೆಳಗಾಗುವ ಹೊತ್ತಿಗೆ ನಳಿಗೆಯ ಸರಾಸರಿ 68ಕ್ಕೆ ಬಂದಿತ್ತು, ಪಾದ ಬೆಚ್ಚಗಾಗತೊಡಗಿತ್ತು.

ಹಾಗಾದರೆ ಎಲ್ಲರಿಗೂ ನಳಿಗೆ ಹಾಕಬಾರದೇಕೆ ಎಂದು ಕೇಳಬಹುದು. ಅದು ಧಮನಿಗೆ ಮಾಡುವ ಗಾಯ. ರಕ್ತ ಸೋರುವುದು, ಕೀವಾಗುವುದು, ಅಪರೂಪವಾಗಿ ನಾಳ ಕಟ್ಟಿ ಬೆರಳಿಗೇ ಹಾನಿಯಾಗುವುದು ಉಂಟು. ಒತ್ತಡ ಗಳಿಗೆಗೊಂದು ಬಗೆಯಾಗುವ ರೋಗಿಗೆ, ದೊಡ್ಡ ಶಸ್ತ್ರಚಿಕಿತ್ಸೆಗೆ, ಈ ಬೆಲೆ ಕೊಡಬಹುದು, ಇತರರಿಗೆ ಸಲ್ಲದು. ಔಷಧದಿಂದ ನಾಳಗಳು ಬಹಳ ಬಿಗಿದವರಲ್ಲಿ ಮಣಿಕಟ್ಟಿನ ನಳಿಗೆಯೂ ಒಳಗಿನ ಒತ್ತಡಕ್ಕಿಂತ ಕಡಿಮೆ ತೋರಿಸುವುದುಂಟೆಂದೂ, ಸಂಶಯ ಬಂದರೆ ತೊಡೆಯ ಧಮನಿಯಲ್ಲಿ ನೋಡುವರೆಂದೂ ಅದೇ ವೈದ್ಯರು ಹೇಳಿದರು.

ಮೂರನೆಯ ದಿನ ನಳಿಗೆಯನ್ನು ತೆಗೆದರು. ಹದಿನೈದು ದಿನಗಳ ಮೇಲೆ ಮಾವನವರು ಉಚ್ಚಿಲದ ಮನೆಯ ಜಗಲಿಯಲ್ಲಿ ಕುಳಿತಿದ್ದರು. ಅಳಿಯ ತಂದ ಯಂತ್ರವನ್ನು ಕಟ್ಟಿಸಿಕೊಂಡು, ಕೈಯನ್ನು ಕುರ್ಚಿಯ ಪಕ್ಕಕ್ಕೆ ಜೋಲುಬಿಟ್ಟು, ಡೀಸೆಲ್ ಬೆಲೆಯ ವಿಷಯವಾಗಿ ನೆರೆಯವರೊಡನೆ ಗಟ್ಟಿಯಾಗಿ ವಾದಿಸುತ್ತಿದ್ದರು. ಯಂತ್ರ 152 ಎಂದಿತು. "ನೋಡು, ಮತ್ತೆ ಏರಿದೆ, ಮಾತ್ರೆ ಇನ್ನೊಂದು ತಿನ್ನಲೇನು?" ಎಂದರು. ನಾವು ಅವರ ಕೈಯನ್ನೆತ್ತಿ ದಿಂಬಿನ ಮೇಲೆ, ಎದೆಯ ನೇರಕ್ಕೆ, ಇರಿಸಿ, "ಐದು ನಿಮಿಷ ಮಾತಾಡಬೇಡಿ, ಮಾವ" ಎಂದೆವು. ಅವರಿಗೆ ಅದು ಜ್ವರಕ್ಕಿಂತ ಕಷ್ಟವಾಯಿತು. ಆಮೇಲೆ ಬಂದ ಅಂಕೆ 134.